ಆರ್‌ವಿ-7 ಬೆಲ್ಲಿ ಕೆಳಗೆ ಟ್ರಾನ್ಸ್‌ಪಾಂಡರ್ ಆಂಟೆನಾ ಎಲ್ಲಿ ಹಾಕೋದು? ತೂತು ಕೊರೆಯೋ ಮುಂಚೆ ಕೇಳ್ತಿದೀನಿ

ಗ್ಯಾರೇಜ್_ರಂಗ

ಎಲ್ರಿಗೂ ನಮಸ್ಕಾರ. ನಾನಿರೋದು ಡಲ್ಲಾಸ್ ಹತ್ರ, ಮನೆ ಗ್ಯಾರೇಜಲ್ಲೇ ವ್ಯಾನ್ಸ್ ಆರ್‌ವಿ-7 ಅನ್ನೋ ಕಿಟ್ ವಿಮಾನ ಕಟ್ತಾ ಇದೀನಿ, ಟೈಲ್‌ವೀಲ್ ಇರೋದು, ಅಂದ್ರೆ ಚಿಕ್ಕ ಚಕ್ರ ಬಾಲದ ಕೆಳಗೆ. ಫ್ಯೂಸಲಾಜ್ (ವಿಮಾನದ ಮೈ) ಇನ್ನೂ ಸ್ಟ್ಯಾಂಡ್ ಮೇಲಿದೆ, ರೆಕ್ಕೆ ಕೂಡಿಸಿಲ್ಲ, ಹಿಂದಿನ ಟಾಪ್ ಸ್ಕಿನ್ (ಹೊರ ತಗಡು) ಮುಚ್ಚಿಲ್ಲ, ಅಂದ್ರೆ ಒಳಗೆ ಕೈ ಆಡಿಸೋಕೆ ಇದೇ ಒಳ್ಳೇ ಟೈಮು, ಆಮೇಲೆ ಬ್ಯಾಗೇಜ್ ಹಿಂದೆ ಏನೇ ಕೆಲ್ಸ ಇದ್ರೂ ಯಾರ್ದಾದ್ರೂ ಮನೆ ಸಣ್ಣ ಹುಡುಗನ್ನ ಕರ್ಕೊಂಡು ಬಂದು ಒಳಗೆ ತೂರಿಸ್ಬೇಕು.

ಈಗ ತಲೆ ತಿಂತಿರೋದು ಟ್ರಾನ್ಸ್‌ಪಾಂಡರ್ (ರಾಡಾರ್ ಕೇಳಿದಾಗ ಉತ್ತರ ಕೊಡೋ ಪೆಟ್ಟಿಗೆ) ಆಂಟೆನಾ. ನಮ್ಮ ಫೀಲ್ಡು ಡಿಎಫ್‌ಡಬ್ಲ್ಯೂ (ಡಲ್ಲಾಸ್‌ನ ದೊಡ್ಡ ಏರ್‌ಪೋರ್ಟು) ಸುತ್ತ ಇರೋ 30 ನಾಟಿಕಲ್ ಮೈಲಿ ಮೋಡ್-ಸಿ ವೇಲ್ (ಟ್ರಾನ್ಸ್‌ಪಾಂಡರ್ ಕಡ್ಡಾಯ ಇರೋ ವಲಯ) ಒಳಗೇ ಬರತ್ತೆ, ಹಾಗಾಗಿ ಟ್ರಾನ್ಸ್‌ಪಾಂಡರ್ರು ಎಡಿಎಸ್-ಬಿ ಔಟು (ವಿಮಾನ ತನ್ನ ಜಾಗ ತಾನೇ ಸಾರೋದು) ಎರಡೂ ಸರಿಯಾಗಿ ಕೆಲ್ಸ ಮಾಡ್ಲೇಬೇಕು, ‘ಆಮೇಲೆ ನೋಡ್ಕೊಳಣ’ ಅನ್ನೋ ಹಾಗಿಲ್ಲ. ತಗೊಂಡಿರೋದು ರಿಮೋಟ್ ಟೈಪು, ಮೋಡ್-ಎಸ್, 1090 ಎಕ್ಸ್‌ಟೆಂಡೆಡ್ ಸ್ಕ್ವಿಟರ್ (ಎಡಿಎಸ್-ಬಿ ಮೆಸೇಜು 1090 ಮೆಗಾಹರ್ಟ್ಸ್‌ನಲ್ಲಿ ಕಳಿಸೋದು) ಇರೋದು, 250 ವ್ಯಾಟ್. ಪೆಟ್ಟಿಗೆ ಬೇರೆ, ಪ್ಯಾನೆಲ್ ಮೇಲಿನ ಕಂಟ್ರೋಲ್ ಹೆಡ್ ಬೇರೆ. ಪೆಟ್ಟಿಗೇನ ಪ್ಯಾನೆಲ್ ಹಿಂದೆ ಸಬ್‌ಪ್ಯಾನೆಲ್‌ಗೆ ಕಚ್ಚಿಸೋದು ಅಂತ ಅಂದ್ಕೊಂಡಿದೀನಿ.

ಬೆಲ್ಲಿ ಕೆಳಗೆ ನೀಲಿ ಟೇಪ್ ಹಚ್ಚಿ ಮೂರು ಜಾಗ ಗುರುತು ಮಾಡಿದೀನಿ. ಮೊದಲನೇದು ಫೈರ್‌ವಾಲ್ (ಇಂಜಿನ್ ಹಿಂದಿನ ಗೋಡೆ) ಆದ್ಮೇಲೆ ಒಂದಡಿ ಹಿಂದೆ, ಪೈಲಟ್ ಪಾದದ ಕೆಳಗೆ, ಕೇಬಲ್ ತೀರಾ ಸಣ್ಣದಾಗತ್ತೆ ಆದ್ರೆ ಎರಡೂ ಎಕ್ಸಾಸ್ಟ್ ಪೈಪು ಮಸಿನ ಅದರ ಮೂತಿಗೇ ಊದುತ್ತೆ. ಎರಡನೇದು ಮೇನ್ ಸ್ಪಾರ್ (ರೆಕ್ಕೆಯ ಮುಖ್ಯ ತೊಲೆ) ಹಿಂದೆ ಸೀಟ್ ಕೆಳಗೆ, ಎರಡು ಸೀಟ್ ರಿಬ್ ನಡುವೆ. ಮೂರನೇದು ಬ್ಯಾಗೇಜ್ ಬಲ್ಕ್‌ಹೆಡ್ (ಅಡ್ಡಗೋಡೆ) ಆದ್ಮೇಲೆ ಹಿಂದೆ, ಸೊಗಸಾದ ಖಾಲಿ ಜಾಗ, ಆದ್ರೆ ಪ್ಯಾನೆಲ್‌ನಿಂದ ಅಲ್ಲಿಗೆ ಕೋಆಕ್ಸ್ (ಆಂಟೆನಾ ಕೇಬಲ್ಲು) ಸುತ್ತಿ ಬಳಸಿ ಹೋಗೋಕೆ ಹನ್ನೊಂದು ಹನ್ನೆರಡು ಅಡಿ ಆಗತ್ತೆ, ಇನ್‌ಸ್ಟಾಲೇಷನ್ ಮ್ಯಾನ್ಯುಯಲ್ ನೋಡಿದ್ರೆ ಕೇಬಲ್‌ನಲ್ಲಿ ಸಿಗ್ನಲ್ ಲಾಸ್ ಒಟ್ಟು 1.5 ಡಿಬಿ ದಾಟಬಾರ್ದು ಅಂತಿದೆ. ಇನ್ನೊಂದು ಡೌಟು, ಸೀಟ್ ಕೆಳಗೆ ಹಾಕಿದ್ರೆ 250 ವ್ಯಾಟ್ ಮೇಲೆ ಕೂತ್ಕೊಂಡ ಹಾಗಲ್ವಾ? ಹೆಂಡ್ತಿ ಆಗ್ಲೇ ಕೇಳಿದಾಳೆ, ನನ್ ಹತ್ರ ಉತ್ತರ ಇಲ್ಲ.

ಹಾಕಿರೋರು ಹೇಳಿ. ತೂತು ಒಂದ್ಸಲ ಬಿತ್ತು ಅಂದ್ರೆ ಬಿತ್ತು.


ಕಡಲತಡಿ_9ಎ

ಮಾರಾಯ್ರೆ, ಎಕ್ಸಾಸ್ಟಿನ ಮಸಿಗೆ ಎಂತಕ್ಕೆ ಅಷ್ಟು ಹೆದರುದು? ನನ್ನದು ಆರ್‌ವಿ-9ಎ, ಫ್ಲೋರಿಡಾದಲ್ಲಿ ಉಂಟು, ಆಂಟೆನಾ ನಿಮ್ಮ ಎರಡನೇ ಟೇಪ್ ಇರುವ ಜಾಗದಲ್ಲೇ. ಆಯಿಲ್ ಚೇಂಜ್ ಮಾಡುವಾಗ ಹೇಗೂ ಹೊಟ್ಟೆ ಒರೆಸ್ಲಿಕ್ಕೆ ಉಂಟಲ್ಲ, ಆಗ ಆಂಟೆನಾದ ಬುಡವನ್ನೂ ಒರೆಸಿ ಬಿಡುದು, ಅಷ್ಟೇ ಕೆಲಸ. ಕೇಬಲ್ ನಾಲ್ಕೈದು ಅಡಿಯಲ್ಲಿ ಮುಗೀತು. ಎಟಿಸಿಯವರು (ವಿಮಾನ ಸಂಚಾರ ನಿಯಂತ್ರಕರು) ನೀವು ಕಾಣುದಿಲ್ಲ ಅಂತ ಇಷ್ಟರವರೆಗೆ ಹೇಳಿದ್ದಿಲ್ಲ. ಆರ್‌ವಿಯವರಲ್ಲಿ ಸುಮಾರು ಜನ ಅಲ್ಲೇ ಹಾಕಿದ್ದಾರೆ.

ಮೊದಲನೇ ಜಾಗ ಮಾತ್ರ ಬೇಡ, ಅದು ಎಕ್ಸಾಸ್ಟಿನ ಬಾಯಿ. ಅಲ್ಲಿ ಬಿಸಿಯೂ ಉಂಟು ಮಸಿಯೂ ಉಂಟು ಆಯಿಲೂ ಉಂಟು.

ಮತ್ತೆ, ತುದಿಯಲ್ಲಿ ಗುಂಡು ಇರುವ ಆ ಕಡ್ಡಿ ಆಂಟೆನಾ ತಗೊಳ್ಬೇಡಿ, ಫಿನ್ ಟೈಪ್ ಹಾಕಿ. ಕಡ್ಡಿ ತೀರಾ ಅಗ್ಗ, ಫಿನ್ ಅದರ ಹಲವು ಪಟ್ಟು ರೇಟು, ಸಿಗ್ನಲಿನಲ್ಲಿ ಹೇಳುವಷ್ಟು ವ್ಯತ್ಯಾಸ ಇಲ್ಲ, ಅದು ಸತ್ಯ. ಆದ್ರೆ ಕ್ರೀಪರಲ್ಲಿ (ಚಕ್ರದ ಹಲಗೆ) ಮಲಗಿ ಹೊಟ್ಟೆ ಒರೆಸುವಾಗ ಬಟ್ಟೆ ಆ ಕಡ್ಡಿಗೆ ಸಿಕ್ಕಿ ಸಿಕ್ಕಿ ಬಾಗಿಯೇ ಬಾಗ್ತದೆ. ಫಿನ್ನಿಗೆ ತಲೆ ಹೊಡೆದ್ರೆ ತಲೆಯಲ್ಲಿ ರಕ್ತ ಬರ್ತದೆ, ಫಿನ್ನಿಗೆ ಏನೂ ಆಗುದಿಲ್ಲ.


ಗ್ಯಾರೇಜ್_ರಂಗ

ಥ್ಯಾಂಕ್ಸ್ ಸಾರ್. ಅಂದ್ರೆ ಎರಡನೇ ಟೇಪಿಗೆ ಒಂದು ವೋಟು. ಒಂದೇ ಯೋಚನೆ ಏನಂದ್ರೆ ನಿಮ್ದು ನೋಸ್‌ವೀಲ್, ನಂದು ಟೈಲ್‌ವೀಲ್, ನೆಲದ ಮೇಲೆ ನಿಂತಾಗ ಬೆಲ್ಲಿ ಹಿಂದಕ್ಕೆ ಇಳಿಜಾರಾಗಿರತ್ತೆ, ಆಂಟೆನಾ ಓರೆಯಾಗಿ ಕಾಣತ್ತೆ. ಅದನ್ನ ವೆಡ್ಜ್ ಕೊಟ್ಟು ನೆಟ್ಟಗೆ ಮಾಡ್ಬೇಕಾ?


ಹಳೇ_ಏವಿಯಾನಿಕ್ಸ್

ನೆಲದ ಮ್ಯಾಲೆ ನಿಂತಾಗ ಓರೆ ಕಂಡ್ರ ಕಾಣ್ಲಿ ಬಿಡ್ರಿ, ಲೆವೆಲ್ ಫ್ಲೈಟ್‌ನ್ಯಾಗ ನೆಟ್ಟಗ ಇರ್ಬೇಕು, ಅಷ್ಟ. ವೆಡ್ಜ್ ಏನೂ ಬ್ಯಾಡ. ಹಿಂದಿನ ಸ್ಕಿನ್ ಬಾಲದ ಕಡೆ ಸ್ವಲ್ಪ ಮ್ಯಾಲೆ ಏರಿರ್ತೈತಿ, ಆ ಎರಡು ಮೂರು ಡಿಗ್ರಿಗೆ ಯಾವ ರಾಡಾರೂ ತಕರಾರು ಮಾಡೂದಿಲ್ಲ.

ನಾನು ಬೆಂಗಳೂರಾಗ ಏವಿಯಾನಿಕ್ಸ್ ಕೆಲಸಾ ಮಾಡಿ ರಿಟೈರ್ ಆದಂವ, ಧಾರವಾಡದಾಗ ಇರ್ತೇನಿ ಈಗ. ನಿಮ್ಮ ಪ್ರಶ್ನೆ ಓದಿದಾಗ ನನಗ ಕಂಡದ್ದು ಒಂದ ಮಾತು. ನೀವು ಮೊದಲು ಪೆಟಿಗೀ ಜಾಗಾ ನಿಕ್ಕಿ ಮಾಡೀರಿ, ಆಮ್ಯಾಲೆ ಅದಕ್ಕ ಆಂಟೆನಾ ಹೊಂದಿಸಾಕತ್ತೀರಿ. ತಿರುವುಮುರುವು ಆತು ಅದು. ರಿಮೋಟ್ ಪೆಟಿಗೀ ಎಲ್ಲಿ ಬೇಕಾದ್ರೂ ಕುಂದರ್ತೈತಿ, ಅದಕ್ಕ ಬೇಕಾದದ್ದು ಕರೆಂಟು, ಸ್ಟ್ಯಾಟಿಕ್ ಲೈನು (ಹೊರಗಿನ ಗಾಳಿ ಒತ್ತಡ ತರೂ ನಳಿಗಿ), ಕಂಟ್ರೋಲ್ ಹೆಡ್ಡಿನಿಂದ ಡೇಟಾ ವಾಯರು. ಡೇಟಾ ವಾಯರು ಹದಿನೈದು ಅಡಿ ಆದ್ರೂ ಏನೂ ಕಳಕೊಳ್ಳೂದಿಲ್ಲ. ಕೋಆಕ್ಸ್ ಹಂಗಲ್ಲ, 1090 ಮೆಗಾಹರ್ಟ್ಸ್‌ನ್ಯಾಗ ಪ್ರತಿ ಅಡಿಗೂ ನುಂಗ್ತೈತಿ. ಆರ್‌ಜಿ-400 ಅನ್ನೂ ಕೇಬಲ್ ಹಾಕಿದ್ರ ಕನೆಕ್ಟರ್ ಹಿಡದು 1.5 ಡಿಬಿಗೆ ಸುಮಾರು 9 ಅಡಿ ಸಿಗ್ತೈತಿ, ಹನ್ನೆರಡಡಿ ಆಗೂದಿಲ್ಲ. ಆರ್‌ಜಿ-58 ಅಂತೂ ಮುಟ್ಟಬ್ಯಾಡ್ರಿ. 1.5 ಡಿಬಿ ಅಂದ್ರನ 250 ವ್ಯಾಟ್ ಹೋಗಿ 177 ಉಳೀತು, 3 ಡಿಬಿ ಅಂದ್ರ ಅರ್ಧಾ. ಎಷ್ಟೋ ಮಂದಿ ‘ಆಂಟೆನಾದಾಗ 125 ಇದ್ರ ಸಾಕಲ್ಲ, ನನ್ನ ಹಂತೇಕ 250 ಐತಿ’ ಅಂತಾರ. ಆದ್ರ ಕೇಬಲ್ ಹೊರಗ ಹೋಗೂದನ್ನಷ್ಟ ತಿನ್ನೂದಿಲ್ಲ, 1030 ಮೆಗಾಹರ್ಟ್ಸ್‌ನ್ಯಾಗ ನೆಲದ ರಾಡಾರಿಂದ ಬರೋ ಪ್ರಶ್ನೀನೂ ತಿಂತೈತಿ. ಕೇಳಿಸಿದ್ರ ತಾನ ಉತ್ತರಾ ಕೊಡೂದು.

ಹಂಗಾಗಿ ಪೆಟಿಗೀನ ಬ್ಯಾಗೇಜ್ ಹಿಂದ ಒಯ್ರಿ. ಆರ್‌ವಿ-7ಕ್ಕ ಸ್ಟ್ಯಾಟಿಕ್ ಪೋರ್ಟು ಹಿಂದಿನ ಫ್ಯೂಸಲಾಜಿನ ಎರಡೂ ಬದಿಗೇ ಇರ್ತಾವು, ಎನ್‌ಕೋಡರ್ (ಎತ್ತರ ಅಳಿಯೂದು) ಪೆಟಿಗ್ಯಾಗ ಇದ್ರ ಅಲ್ಲೇ ಒಂದು ಟೀ ಜಾಯಿಂಟ್ ಹಾಕಿ ಕೊಟ್ರಾತು, ಟ್ಯೂಬ್ ಎಳಿಯೂದೂ ಉಳೀತು. ಕೋಆಕ್ಸ್ ಎರಡಡಿ ಒಳಗ ಮುಗೀತೈತಿ. ತೂಕ ಹಿಂದ ಹೋಗ್ತೈತಿ ಅಂದ್ರ ಹೋಗ್ತೈತಿ, ಸಣ್ಣ ಪೆಟಿಗೀ ಅದು, ಆದ್ರೂ ವೇಟ್ ಅಂಡ್ ಬ್ಯಾಲೆನ್ಸ್‌ನ್ಯಾಗ ಬರಕೊಳ್ರಿ.

ಈಗ ಸೀಟಿನ ಕೆಳಗಿನ ಜಾಗಾ. ಕಡಲತಡಿ ಸರ್ ಹೇಳಿದ್ದು ಸುಳ್ಳಲ್ಲ, ಅಲ್ಲಿ ಹಾಕಿದ್ರೂ ನಡೀತೈತಿ. ಆದ್ರ ಒಂದ್ಸಲ ಫ್ಲಾಪ್ ಪೂರ್ತಿ ಇಳಿಸಿ ವಿಮಾನದ ಪಕ್ಕಕ್ಕ ಮೊಳಕಾಲೂರಿ ನೋಡ್ರಿ. ಆಂಟೆನಾ ಅಂದ್ರ ಕ್ವಾರ್ಟರ್ ವೇವ್, ಬರೀ 7 ಸೆಂಟಿಮೀಟರ್ ಉದ್ದ. ಎಡಕ್ಕೊಂದು ಬಲಕ್ಕೊಂದು ಫ್ಲಾಪಿನ ಅಲ್ಯುಮಿನಿಯಂ ತಗಡು ಅದಕ್ಕಿಂತಾ ಕೆಳಗ ಇಳಿದು ನಿಂತಿರ್ತೈತಿ. ಅಪ್ರೋಚ್‌ನ್ಯಾಗ, ನೆಲಕ್ಕ ಹತ್ತಿರ ಇದ್ದಾಗ, ಟ್ರಾಫಿಕ್ ಭಾಳ ಇರೂ ಹೊತ್ತಿನ್ಯಾಗ, ಪಕ್ಕದಾಗಿನವ್ರಿಗೆ ನೀವು ಕಾಣಬೇಕಾದ ಟೈಮಿಗೇ ಎರಡೂ ಬದಿ ಪರದೆ ಬಿಟ್ಟಂಗ ಆಗ್ತೈತಿ. ಇಂಥಾ ಒಂಟಿ (ಮೊನೊಪೋಲ್) ಆಂಟೆನಾ ತನ್ನ ಕಸುವೆಲ್ಲಾ ದಿಗಂತದ ಕಡೆ ಚೆಲ್ತೈತಿ, ನೇರ ಕೆಳಗ ಅದಕ್ಕ ಕಣ್ಣಿಲ್ಲ. ಅಂದ್ರ ಆಜೂಬಾಜೂ ಏನೈತಿ ಅನ್ನೂದ ಮುಖ್ಯ. ಫ್ಲಾಪು, ಗೇರ್ ಲೆಗ್ಗು, ಕೂಲಿಂಗ್ ಔಟ್‌ಲೆಟ್ಟು, ಸ್ಟೆಪ್ಪು, ಇವೆಲ್ಲಾ ಲೆಕ್ಕಕ್ಕ ಬರ್ತಾವು. ಮೂರನೇ ಟೇಪಿನ ಕಡೆ ಅಂಥಾದ್ದು ಯಾವುದೂ ಇಲ್ಲ.

250 ವ್ಯಾಟ್ ಮ್ಯಾಲೆ ಕುಂತಂಗ ಅಂದ್ರಿ. ಮನಿಯವ್ರಿಗೆ ಹಿಂಗ ಹೇಳ್ರಿ: 250 ಅನ್ನೂದು ಪೀಕ್. ಒಂದು ಎಡಿಎಸ್-ಬಿ ಮೆಸೇಜು 120 ಮೈಕ್ರೋಸೆಕೆಂಡು, ಅದರಾಗೂ ಅರ್ಧಾ ಹೊತ್ತು ಪಲ್ಸೇ ಇರೂದಿಲ್ಲ. ಸೆಕೆಂಡಿಗೆ ಆರೇಳು ಮೆಸೇಜು ಅಂತ ಹಿಡದ್ರೂ ಸರಾಸರಿ ಕಾಲು ವ್ಯಾಟೂ ಆಗೂದಿಲ್ಲ, ರಾಡಾರಿಗೆ ಕೊಡೂ ಉತ್ತರಾ ಅದರ ಮ್ಯಾಲೆ ಒಂದಿಷ್ಟು. ಮ್ಯಾಲೆ ನಿಮ್ಮದು ಲೋಹದ ವಿಮಾನ, ಬೆಲ್ಲಿ ಸ್ಕಿನ್ ಅಡ್ಡ ಐತಿ. ಆದ್ರೂ ಕುಂತವ್ರಿಂದ ಮೂರಡಿ ದೂರ ಇಡ್ರಿ ಅಂತ ಬಹಳ ಮಂದಿ ಹೇಳೂದು ಐತಿ, ಹಿಂದ ಹಾಕಿದ್ರ ಆ ಮಾತೂ ಬಗೀಹರೀತು.

ಈ ಸ್ಕಿನ್ ಮಾತು ಬಂತಂತ ಹೇಳ್ತೇನಿ, ಗ್ರೌಂಡ್ ಪ್ಲೇನ್ (ಆಂಟೆನಾ ಬುಡದ ಲೋಹದ ಹಾಸು) ಅಂದ್ರ ನಿಮಗ ಆ ಸ್ಕಿನ್ನೇ. ಆಂಟೆನಾ ಅಂತ ನಾವು ಅಂಗಡ್ಯಾಗ ತರೂದು ಅರ್ಧಾ ಆಂಟೆನಾ, ಉಳಿದ ಅರ್ಧಾ ವಿಮಾನದ ಮೈ. ಹಂಗಾಗಿ ಆಂಟೆನಾ ಬುಡಕ್ಕ ಸ್ಕಿನ್ನಿಗೆ ನಡುವ ಪ್ರೈಮರ್ ಇರಬಾರದು. ಒಳಗ ಡಬ್ಲರ್ (ಸ್ಕಿನ್ನಿಗೆ ಬಲ ಕೊಡೂ ತಗಡು) ಕುಂದರೋ ಕಡೆ, ನಟ್ ಕುಂದರೋ ಕಡೆ ಬರೀ ಲೋಹ ಕಾಣೂ ಹಂಗ ತಿಕ್ಕಿ, ಅಲೋಡಿನ್ (ತುಕ್ಕು ತಡಿಯೂ ಲೇಪ) ಹಚ್ಚಿ, ಬಿಗಿ ಮಾಡಿ ಮಿಲಿಓಮ್ ಮೀಟರ್ ಹಚ್ಚಿ ನೋಡ್ರಿ, ಎರಡು ಮೂರು ಮಿಲಿಓಮ್ ಒಳಗ ಬರಬೇಕು. ಸಾದಾ ಮಲ್ಟಿಮೀಟರ್ ಇದಕ್ಕ ನಡಿಯೂದಿಲ್ಲ. ಹೊರಗ ಅಂಚಿನ ಸುತ್ತಾ ಸೀಲಂಟ್ ಎಳೀರಿ, ಇಲ್ಲಂದ್ರ ನೀರು ಹೋಗಿ ಎರಡು ವರ್ಷದಾಗ ಬುಡದಾಗ ಬಿಳೀ ಹಿಟ್ಟು ಏಳ್ತೈತಿ, ಮತ್ತ ‘ಟ್ರಾನ್ಸ್‌ಪಾಂಡರ್ ಕೆಟ್ಟೈತಿ’ ಅಂತ ಪೆಟಿಗೀ ಬಿಚ್ಚಿ ರಿಪೇರಿಗೆ ಕಳಿಸ್ತಾರ. ನಾನು ಕಂಡ ಹತ್ತು ಕಂಪ್ಲೇಂಟಿನ್ಯಾಗ ಪೆಟಿಗೀದು ಖರೇ ದೋಷ ಇದ್ದದ್ದು ಕಡಿಮಿ.


ಪ್ಲೈವುಡ್_ಪ್ರಮೋದ

ಹಳೇ ಏವಿಯಾನಿಕ್ಸ್ ಸಾರ್, ಅಡ್ಡ ಪ್ರಶ್ನೆ, ಬೈಕೋಬೇಡಿ. ಬಟ್ಟೆ ಹೊದಿಸಿದ ವಿಮಾನಕ್ಕೆ, ಫೈಬರ್ ವಿಮಾನಕ್ಕೆ ಮೈಯೇ ಲೋಹ ಅಲ್ವಲ್ಲ, ಅರ್ಧ ಆಂಟೆನಾ ಎಲ್ಲಿಂದ ಬರತ್ತೆ?


ಹಳೇ_ಏವಿಯಾನಿಕ್ಸ್

ನಾವ ಮಾಡಿ ಕೊಡಬೇಕು. ನಮ್ಮ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಮಾಡಿದ ಹಂಸ ವಿಮಾನ ಐತೆಲ್ಲ, 1993ರಾಗ ಮೊದಲು ಹಾರಿದ್ದು, ಅದು ಕಾಂಪೋಸಿಟ್ ಮೈ. ಬೆಂಗಳೂರಾಗ ಆಗೂ ಎಕ್ಸ್-ಏರ್ ಮೈಕ್ರೋಲೈಟು ಪೈಪು ಮತ್ತ ಬಟ್ಟಿ. ಇಂಥಾ ಮೈಯಾಗ ಆಂಟೆನಾ ಬುಡಕ್ಕ ಒಂದು ಅಲ್ಯುಮಿನಿಯಂ ತಗಡು ಇಲ್ಲಾ ತಾಮ್ರದ ಜಾಳಿಗಿ ಕೂಡಿಸಬೇಕಾಗ್ತೈತಿ. ಬುಡದಿಂದ ಎಲ್ಲಾ ಕಡೆಗೂ ಕನಿಷ್ಠ 7 ಸೆಂಟಿಮೀಟರ್ ಹರಡಿರಬೇಕು, ಜಾಗಾ ಇದ್ರ ಒಂದಡಿ ಚೌಕ ಹಾಕ್ರಿ, ಪ್ಯಾಟರ್ನ್ ಚೊಲೊ ಬರ್ತೈತಿ. ಪೈಪಿನ ಚೌಕಟ್ಟಿಗೆ ಕಡ್ಡಿ ಕ್ಲ್ಯಾಂಪ್ ಮಾಡಿ ‘ಲೋಹಕ್ಕ ಹಚ್ಚೇನಿ’ ಅಂದ್ರ ಅದು ಗ್ರೌಂಡ್ ಪ್ಲೇನ್ ಅಲ್ಲ.


ಥರ್ಮಲ್_ಹುಡುಗ

ನಾನು ಜರ್ಮನಿಯಲ್ಲಿ ಗ್ಲೈಡರ್ ಹಾರಿಸೋನು, ಇಲ್ಲಿ ಕಥೆ ಇನ್ನೂ ಮಜಾ ಇದೆ. ಪೂರ್ತಿ ಗ್ಲಾಸ್ ಫೈಬರ್ ಮೈ ಆದ್ರೆ ಆಂಟೆನಾ ಒಳಗೇ ಇಟ್ಕೋಬಹುದು, ರೇಡಿಯೋ ಅಲೆಗೆ ಅದು ಗಾಜಿದ್ದ ಹಾಗೆ. ಆದ್ರೆ ಹೊಸ ಗ್ಲೈಡರ್‌ಗಳಲ್ಲಿ ಕಾರ್ಬನ್ ಜಾಸ್ತಿ, ಕಾರ್ಬನ್ ಒಳಗೆ ಇಟ್ರೆ ಮುಗೀತು, ಹೊರಗೆ ಏನೂ ಬರಲ್ಲ. ಹಾಗಂತ ಕಾರ್ಬನ್ನೇ ಗ್ರೌಂಡ್ ಪ್ಲೇನ್ ಅಂತ ನಂಬ್ಕೊಂಡು ಬೋಲ್ಟ್ ಹಾಕಿದ್ರೆ ಮೇಲೆ ರೆಸಿನ್ ಪದರ ಇರತ್ತೆ, ಕಾಂಟ್ಯಾಕ್ಟೇ ಸರಿಯಾಗಿ ಆಗಲ್ಲ, ತಾಮ್ರ ಹಾಕಲೇಬೇಕು.

ನಮಗೆ ನಿಜವಾದ ತಲೆನೋವು ಆಕಾಶದಲ್ಲಿ ಅಲ್ಲ ಗುರು, ಟ್ರೇಲರ್‌ನಲ್ಲಿ. ಚಕ್ರದ ಹಿಂದೆ ಬೆಲ್ಲಿಗೆ ಫಿನ್ ಹಾಕಿದ್ರೆ ಫ್ಯೂಸಲಾಜ್ ಡಾಲಿ ತೊಟ್ಟಿಲು ಸರಿಯಾಗಿ ಅಲ್ಲೇ ಬಂದು ಕೂರತ್ತೆ. ಇನ್ನು ಥರ್ಮಲ್ ಸಿಗದೆ ಯಾವ್ದೋ ಗೋಧಿ ಹೊಲದಲ್ಲಿ ಇಳಿದ್ರೆ ಆಂಟೆನಾ ಪೈರಲ್ಲೇ ಉಳ್ಕೊಳತ್ತೆ. ಕ್ಲಬ್‌ನಲ್ಲಿ ಯಾರೇ ಹಾಕೋದಾದ್ರೂ ಮೊದಲು ಡಾಲಿ ಕೂರಿಸಿ, ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಆಮೇಲೆ ಜಾಗ ಹುಡುಕೋದು. ರಂಗಣ್ಣ, ನಿಮಗೂ ಇದೇ ಹೇಳ್ತೀನಿ, ಜ್ಯಾಕ್ ಎಲ್ಲಿ ಕೂರತ್ತೆ, ಬಾಲ ಎತ್ತಿ ಇಡೋ ಸ್ಟ್ಯಾಂಡ್ ಎಲ್ಲಿ ಬರತ್ತೆ, ಟೋ ಬಾರ್ ಹಿಡ್ಕೊಂಡು ಬಗ್ಗಿದಾಗ ಕಾಲು ಎಲ್ಲಿ ತಾಗತ್ತೆ ಅಂತೆಲ್ಲ ನೋಡ್ಕೊಳಿ, ಟೈಲ್‌ವೀಲ್‌ನಲ್ಲಿ ಹಿಂದಿನ ಹೊಟ್ಟೆ ನೆಲಕ್ಕೆ ಹತ್ರ ಬೇರೆ. ಕಡ್ಡಿ ಬೇಡ ಅಂತ ಕಡಲತಡಿಯವರು ಹೇಳಿದ್ದಕ್ಕೆ ನನ್ನದೂ ಒಂದು ಕೈ.

ಟಾಪ್‌ನಲ್ಲಿ ಹಾಕಿದ್ರೆ ಅಂತ ಯಾರಾದ್ರೂ ಕೇಳ್ಬಹುದು. ಮೇಲೆ ಮಾತ್ರ ಹಾಕಿದ್ರೆ ನೆಲದ ಸ್ಟೇಷನ್‌ಗಳಿಗೆ ನಿಮ್ಮ ಮೈಯೇ ಅಡ್ಡ. ದೊಡ್ಡ ವಿಮಾನಕ್ಕೆ ಮೇಲೊಂದು ಕೆಳಗೊಂದು ಇರತ್ತೆ, ಡೈವರ್ಸಿಟಿ ಅಂತಾರೆ, ಮೇಲಿನ ವಿಮಾನದ ಟಿಸಿಎಎಸ್‌ಗೆ (ಡಿಕ್ಕಿ ತಪ್ಪಿಸೋ ಎಚ್ಚರಿಕೆ ಯಂತ್ರ) ಕಾಣೋಕೆ. ಈಗ ಉಪಗ್ರಹದಲ್ಲೂ ಎಡಿಎಸ್-ಬಿ ರಿಸೀವರ್ ಇದಾವಲ್ಲ, ಅದಕ್ಕೂ ಮೇಲಿನ ಆಂಟೆನಾ ಬೇಕು. ಕೆನಡಾದಲ್ಲಿ 2023ರ ಆಗಸ್ಟ್ 10ರಿಂದ ಕ್ಲಾಸ್ ಎ ಏರ್‌ಸ್ಪೇಸ್‌ಗೆ (ತುಂಬಾ ಎತ್ತರದ ವಾಯುಪ್ರದೇಶ) ಹೋಗೋಕೆ ಇದನ್ನ ಕೇಳ್ತಿದಾರೆ. ಡಲ್ಲಾಸ್‌ನಿಂದ ಉತ್ತರಕ್ಕೆ ಗಡಿ ದಾಟಿ ಹೋಗೋ ಆಸೆ ಮುಂದೆ ಯಾವತ್ತಾದ್ರೂ ಇದ್ರೆ ಈಗಲೇ ಅಲ್ಲಿನ ನಿಯಮ ನೋಡಿ, ಡೈವರ್ಸಿಟಿ ಇರೋ ಪೆಟ್ಟಿಗೇನೇ ಬೇರೆ.


ಕಡಲತಡಿ_9ಎ

ಫ್ಲಾಪಿನ ವಿಷಯ ಏವಿಯಾನಿಕ್ಸ್ ಸರ್ ಹೇಳಿದ್ದು ಸರಿ ಉಂಟು, ಇವತ್ತು ಹ್ಯಾಂಗರಲ್ಲಿ ಇಳಿಸಿ ನೋಡಿದೆ, ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಕಾಣ್ತದೆ. ಆದ್ರೂ ನನ್ನದು ನಾನು ಬದಲಿಸುದಿಲ್ಲ ಮಾರಾಯ್ರೆ, ಪ್ಯಾನೆಲ್‌ನಲ್ಲಿ ಕೂರುವ ಟ್ರಾನ್ಸ್‌ಪಾಂಡರ್ ನನ್ನದು, ಹಿಂದೆ ಒಯ್ದರೆ ಕೇಬಲ್ ಉದ್ದ ಆಗ್ತದೆ. ಪ್ಯಾನೆಲ್ ಟೈಪ್ ಇದ್ದವರಿಗೆ ಎರಡನೇ ಜಾಗವೇ ಸೈ ಅಂತ ನನ್ನ ವಾದ. ರಂಗ ಅವರದ್ದು ರಿಮೋಟು, ಅವರಿಗೆ ಆಯ್ಕೆ ಉಂಟು.


ಗ್ಯಾರೇಜ್_ರಂಗ

ಎಲ್ಲಾ ಓದಿ ನಿನ್ನೆ ರಾತ್ರಿ ಕೂತು ಅಳೆದೆ. ಪೆಟ್ಟಿಗೆ ಹಿಂದಕ್ಕೆ ಹೋಗ್ತಾ ಇದೆ, ಮೂರನೇ ಟೇಪೇ ಫೈನಲ್. ಕಾಂ (ಮಾತಾಡೋ ರೇಡಿಯೋ) ಆಂಟೆನಾ ಮುಂದೆ ಬೆಲ್ಲಿ ಕೆಳಗೆ ಬರೋದ್ರಿಂದ ಅದಕ್ಕೂ ಇದಕ್ಕೂ ಆರಡಿಗಿಂತ ಜಾಸ್ತಿನೇ ಇದೆ. ಎಡಿಎಸ್-ಬಿ ಇನ್ (ಬೇರೆ ವಿಮಾನದ ಸಿಗ್ನಲ್ ಕೇಳೋ) ರಿಸೀವರ್‌ದು ಒಂದು ಪುಟ್ಟ ಆಂಟೆನಾ ಇದೆ, ಅದನ್ನ ಎಲ್ಲಿಡ್ಲಿ, ಪಕ್ಕದಲ್ಲೇ ಹಾಕಿದ್ರೆ ಒಂದೇ ಡಬ್ಲರ್‌ನಲ್ಲಿ ಮುಗ್ಸಬಹುದಾ ಅಂತ. ಇನ್ನೊಂದು, ಆ ಜಾಗದ ಮೇಲೇ ಒಳಗೆ ಎಲಿವೇಟರ್ ಪುಶ್‌ರಾಡ್ (ಸ್ಟಿಕ್‌ನಿಂದ ಬಾಲದ ಎಲಿವೇಟರ್ ಅಲ್ಲಾಡಿಸೋ ಸರಳು) ಹಾದು ಹೋಗತ್ತೆ, ಅಂತರ ಇದೆ, ಆದ್ರೆ ಆಂಟೆನಾ ಕನೆಕ್ಟರ್ ಮೇಲಕ್ಕೆ ನಿಂತು ಅದರ ಮೇಲೆ ಕೋಆಕ್ಸ್ ಬಗ್ಗಿದ್ರೆ ಎಷ್ಟು ಉಳಿಯತ್ತೋ ನೋಡ್ಬೇಕು. ಡಬ್ಲರ್ ದಪ್ಪ ಎಷ್ಟು ಹಾಕ್ತೀರ?


ಹಳೇ_ಏವಿಯಾನಿಕ್ಸ್

ರಿಸೀವರ್ ಆಂಟೆನಾ ಪಕ್ಕಕ್ಕ ಬ್ಯಾಡ್ರೀಪಾ, 250 ವ್ಯಾಟ್ ಪಲ್ಸು ಅದರ ಕಿವ್ಯಾಗ ಒದರಿದಂಗ ಆಗ್ತೈತಿ. ಕಡಿಮಿ ಅಂದ್ರ ಎರಡು ಮೂರಡಿ ದೂರ. ಡಿಎಂಇ (ದೂರ ಅಳಿಯೂ ರೇಡಿಯೋ) ಇದ್ದವ್ರು ಆರಡಿ ಬಿಡ್ರಿ, ಅದೂ ಇದ ಬ್ಯಾಂಡು, ಮತ್ತ ಎರಡಕ್ಕೂ ನಡುವ ಸಪ್ರೆಷನ್ ಲೈನ್ ಎಳೀಬೇಕು, ಒಂದು ಮಾತಾಡುವಾಗ ಇನ್ನೊಂದು ಕಿವಿ ಮುಚ್ಚಿಕೊಳ್ಳೂ ಹಂಗ.

ಪುಶ್‌ರಾಡಿನ ಮಾತು ಸಣ್ಣದಲ್ಲ. ಆಂಟೆನಾ ಕಡೆ ರೈಟ್ ಆಂಗಲ್ ಕನೆಕ್ಟರ್ ಹಾಕ್ರಿ, ಕೋಆಕ್ಸ್ ಮ್ಯಾಲೇರದಂಗ ಸ್ಕಿನ್ನಿಗೆ ಹತ್ತಿದಂಗ ಬದಿಗೆ ಒಯ್ದು ಸ್ಟಿಫ್ನರಿಗೆ ಅಡೆಲ್ ಕ್ಲ್ಯಾಂಪ್ ಬಿಗೀರಿ. ಬರೀ ಜಿಪ್ ಟೈ ಮ್ಯಾಲೆ ಬಿಡಬ್ಯಾಡ್ರಿ, ಅದು ಹರಿದು ಕೇಬಲ್ ಪುಶ್‌ರಾಡಿಗೆ ತೊಡಕಿದ್ರ ಆಗೂದು ರೇಡಿಯೋ ತೊಂದ್ರೆ ಅಲ್ಲ. ಆಂಟೆನಾ ಸೆಂಟರ್‌ಲೈನಿನಿಂದ ಎರಡು ಮೂರು ಇಂಚು ಆಕಡೆ ಸರಿಸಿ ಎರಡು ಸ್ಟಿಫ್ನರ್ ನಡುವ ಹಾಕಿದ್ರೂ ಪ್ಯಾಟರ್ನಿಗೆ ಏನೂ ಆಗೂದಿಲ್ಲ, ಹಂಗ ಮಾಡ್ರಿ, ಜಾಗಾನೂ ಸಿಗ್ತೈತಿ. ಸ್ಟಿಕ್ ಪೂರ್ತಿ ಮುಂದ, ಪೂರ್ತಿ ಹಿಂದ ಮಾಡಿ ಯಾರಾದ್ರೂ ಒಳಗ ನೋಡ್ಲಿ, ಟಾಪ್ ಸ್ಕಿನ್ ಮುಚ್ಚೂಕಿಂತ ಮೊದಲ.

ಡಬ್ಲರ್ 2024-ಟಿ3 ಅಲ್ಯುಮಿನಿಯಂ, ಸ್ಕಿನ್ನಿನಷ್ಟ ದಪ್ಪ ಇಲ್ಲಾ ಒಂದು ಹಂತ ಹೆಚ್ಚು, ಮೂಲಿ ದುಂಡು ಮಾಡಿ, ನಾಲ್ಕೂ ಬದಿ ಆಂಟೆನಾ ಬುಡಕ್ಕಿಂತ ಇಂಚು ಒಂದೂವರೆ ಇಂಚು ಹೊರಗ ಬರಲಿ. ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಕೈಪಿಡಿ ಎಸಿ 43.13-2ಬಿ ಐತೆಲ್ಲ, ಅದರ 3ನೇ ಅಧ್ಯಾಯ ಆಂಟೆನಾಕ್ಕಂತನ ಐತಿ, ಚಿತ್ರಾನೂ ಕೊಟ್ಟಾರ, ನೋಡ್ಕೊಳ್ರಿ. ತೆಳು ಸ್ಕಿನ್ನಿಗೆ ಡಬ್ಲರ್ ಇಲ್ಲದ ಫಿನ್ ಹಾಕಿದ್ರ ಪ್ರೊಪೆಲ್ಲರ್ ಗಾಳಿಗೆ ಸ್ಕಿನ್ ಟಪಟಪ ಅಂತೈತಿ, ಆಮ್ಯಾಲೆ ತೂತಿನ ಅಂಚಿಂದ ಬಿರುಕು.


ಥರ್ಮಲ್_ಹುಡುಗ

ಹಾರಿಸಿದ ಮೇಲೆ ಚೆಕ್ ಮಾಡೋದು ಸುಲಭ ರಂಗಣ್ಣ. ನಿಮ್ಮಲ್ಲಿ ಎಫ್‌ಎಎ ವೆಬ್‌ಸೈಟಲ್ಲಿ ಎಡಿಎಸ್-ಬಿ ಪರ್ಫಾರ್ಮೆನ್ಸ್ ರಿಪೋರ್ಟ್ ಫ್ರೀಯಾಗಿ ತರಿಸ್ಕೋಬಹುದು, ಫ್ಲೈಟ್ ಆದ್ಮೇಲೆ ಕೇಳಿದ್ರೆ ಮೇಲ್ ಬರತ್ತೆ. ಅದು ಜಿಪಿಎಸ್ ಕಡೆಯ ತಪ್ಪನ್ನ ಜಾಸ್ತಿ ತೋರಿಸತ್ತೆ, ಆಂಟೆನಾ ಶ್ಯಾಡೋ ನೋಡ್ಬೇಕಂದ್ರೆ ಮನೇಲಿ ಒಂದು ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸೋ ಪುಟ್ಟ ರೇಡಿಯೋ) ಹಚ್ಚಿ 1090 ರಿಸೀವರ್ ಓಡಿಸಿ, ಅದರ ಸುತ್ತ ದೂರದಲ್ಲಿ ಒಂದು ದೊಡ್ಡ ಸುತ್ತು ಎಡಕ್ಕೆ, ಒಂದು ಬಲಕ್ಕೆ ಹಾಕಿ, ಒಂದ್ಸಲ ಫ್ಲಾಪ್ ಇಳಿಸಿನೂ. ಸಿಗ್ನಲ್ ಲೆವೆಲ್ ಎಲ್ಲಿ ಬೀಳತ್ತೆ ಅಂತ ಲಾಗ್‌ನಲ್ಲೇ ಕಾಣತ್ತೆ. ಬ್ಯಾಂಕ್ ಮಾಡಿದಾಗ ಎತ್ತಿದ ಕಡೆಯಲ್ಲಿ ಚೆನ್ನಾಗಿ ಬಂದು ಇಳಿಸಿದ ಕಡೆ ಬಿದ್ರೆ ಗಾಬರಿ ಆಗ್ಬೇಡಿ, ಬೆಲ್ಲಿ ಆಂಟೆನಾ ಅಂದ್ರೆ ಅದು ಇರೋದೇ.


ಗ್ಯಾರೇಜ್_ರಂಗ

ಫಿನ್ ಟೈಪ್ ಆಂಟೆನಾ ಆರ್ಡರ್ ಮಾಡಿದೆ, ರೈಟ್ ಆಂಗಲ್ ಕನೆಕ್ಟರೂ ಆರ್‌ಜಿ-400 ಮೂರಡಿನೂ ಜೊತೆಗೆ. ಸೆಂಟರ್‌ಲೈನಿಂದ ಬಲಕ್ಕೆ ಎರಡೂವರೆ ಇಂಚು, ಸ್ಟಿಫ್ನರ್ ನಡುವೆ. ಹೆಂಡ್ತಿಗೆ ಕಾಲು ವ್ಯಾಟ್ ಲೆಕ್ಕ ಹೇಳಿದೆ, ‘ಸರಿ, ಹಾಗಾದ್ರೆ ಆ ಸ್ಟೌವ್ ಲೈಟರ್ ಇಂದ ಬರೋದು ಎಷ್ಟು’ ಅಂತ ಕೇಳ್ತಿದಾಳೆ. ಅದು ಯಾರಿಗಾದ್ರೂ ಗೊತ್ತಿದ್ರೆ ಬೇರೆ ಥ್ರೆಡ್ ಮಾಡಿ.